ಬಡಿಗನ ಆಯ, ಗೌಂಡಿಯ ಪಗಾರ

ಹಾವೇರಿಯಲ್ಲಾಗಲಿ, ರಾಣೇಬೆನ್ನೂರಿನಲ್ಲಾಗಲಿ, ಬ್ಯಾಡಗಿಯಲ್ಲಾಗಲಿ ಮನೆ ಕಟ್ಟಿಸುವವರನ್ನು ಮಾತನಾಡಿಸಿ ನೋಡಿದರೆ ದೂರು ಒಂದೇ: “ಗೌಂಡಿಗಳು ಬಾಯಿಗೆ ಬಂದಷ್ಟು ಕೇಳುತ್ತಾರೆ.” ಗೌಂಡಿಗಳನ್ನು ಮಾತನಾಡಿಸಿದರೆ ಅವರದೂ ಒಂದೇ ದೂರು: “ಕೈಗೆ ತಕ್ಕ ರೊಕ್ಕ ಕೊಡುವವರು ಎಲ್ಲಿದ್ದಾರೆ?” ಎರಡು ಮಾತೂ ಪೂರಾ ಸುಳ್ಳಲ್ಲ. ಕುಶಲ ಕೆಲಸಕ್ಕೆ ನ್ಯಾಯವಾದ ಬೆಲೆ ಎಷ್ಟು ಎಂಬ ಈ ತಕರಾರು ಇಂದು ನಿನ್ನೆಯದಲ್ಲ. ನಮ್ಮ ಸೀಮೆಯಲ್ಲಿ ಇದಕ್ಕೆ ಸಾವಿರ ವರ್ಷಗಳ ಇತಿಹಾಸವುಂಟು. ಆ ಇತಿಹಾಸ ಬಹುಮಟ್ಟಿಗೆ ನಾವು ದಿನನಿತ್ಯ ಆಡುವ ಮಾತುಗಳಲ್ಲಿಯೇ ಹುದುಗಿಕೊಂಡಿದೆ. ಆಯ, ಬಿಟ್ಟಿ, ಕೂಲಿ, ಮಜೂರಿ, ಪಗಾರ, ಗುತ್ತಿಗೆ ಎಂಬ ಒಂದೊಂದು ಶಬ್ದವೂ ಒಂದೊಂದು ಕಾಲದ ಲೆಕ್ಕದ ಪುಸ್ತಕ. ಅವನ್ನು ಬಿಚ್ಚಿ ಓದಿದರೆ ಇಂದಿನ ಜಗಳಕ್ಕೆ ಒಂದಿಷ್ಟು ಬೆಳಕು ದೊರೆತೀತು.

ಮೊದಲು ಕಲ್ಲಿನ ಮೇಲಿನ ಲೆಕ್ಕವನ್ನು ನೋಡೋಣ. ಹಾವೇರಿಯ ಸಿದ್ಧೇಶ್ವರ, ಚೌಡದಾನಪುರದ ಮುಕ್ತೇಶ್ವರ, ವರದೆಯು ತುಂಗಭದ್ರೆಯನ್ನು ಕೂಡುವೆಡೆಯ ಗಳಗನಾಥದ ಗಳಗೇಶ್ವರ, ಇವೆಲ್ಲ ಕಲ್ಯಾಣದ ಚಾಲುಕ್ಯರ ಕಾಲದ ಶೈಲಿಗೆ ಸೇರಿದ ಗುಡಿಗಳು. ಹಾವೇರಿಯ ಗುಡಿ ವಾಡಿಕೆಗೆ ಬಿಟ್ಟು ಪಶ್ಚಿಮಕ್ಕೆ ಮುಖ ಮಾಡಿ ನಿಂತಿದೆ. ಉಳಿಗೆ ಬಗ್ಗುವ ಬಳಪದ ಕಲ್ಲಿನಲ್ಲಿ ಮಾಡಿದ ಕೆಲಸವನ್ನು ಕಂಡವರು ‘ಎಂಥ ಕೈ!’ ಎನ್ನದಿರಲಾರರು. ಇಂಥ ಗುಡಿಗಳ ಶಾಸನಗಳನ್ನು ಓದಿದರೆ ದತ್ತಿ ಕೊಟ್ಟ ಅರಸನ ಬಿರುದುಗಳು ಸಾಲುಸಾಲಾಗಿ ಬರುತ್ತವೆ. ಪೂಜಾರಿಗೆ ಇಷ್ಟು ಮತ್ತರು ಭೂಮಿ, ಹೂವಿನವನಿಗೆ ಇಷ್ಟು, ವಾದ್ಯದವರಿಗೆ ಇಷ್ಟು ಎಂದು ಬರುತ್ತದೆ. ಕಟ್ಟಿದವನ ಕೂಲಿ ಮಾತ್ರ ಸಾಮಾನ್ಯವಾಗಿ ಕಾಣಬರುವುದಿಲ್ಲ. ನಿತ್ಯ ನಡೆಯುವ ಸೇವೆಗೆ ಶಾಶ್ವತ ದತ್ತಿ ಬೇಕು, ಆದುದರಿಂದ ಅದು ಕಲ್ಲಿಗೇರಿತು. ಒಮ್ಮೆ ಮುಗಿದುಹೋಗುವ ಕೆಲಸದ ಕೂಲಿಯನ್ನು ಎಣಿಸಿ ಕೊಟ್ಟರಾಯಿತು, ಅದನ್ನು ಕಲ್ಲಿನಲ್ಲಿ ಕೊರೆಯುವವರು ಯಾರು?

ಹಾಗೆಂದು ಕುಶಲಿಗೆ ಮನ್ನಣೆಯೇ ಇರಲಿಲ್ಲವೆನ್ನಲಾಗದು. ಎಂಟನೆಯ ಶತಮಾನದಲ್ಲಿ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ರಾಣಿ ಲೋಕಮಹಾದೇವಿಗಾಗಿ ಕಟ್ಟಿದ ಸೂತ್ರಧಾರಿ ಗುಂಡ ಅನಿವಾರಿತಾಚಾರಿಗೆ ‘ತ್ರಿಭುವನಾಚಾರಿ’ ಎಂಬ ಬಿರುದು ದೊರೆತುದನ್ನು ಅಲ್ಲಿನ ಶಾಸನ ಸಾರುತ್ತದೆ. ನಮ್ಮ ಹಿರೇಕೆರೂರಿನ ಗಡಿಯಾಚೆ ಇರುವ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ 1117ರ ಬೇಲೂರು ದೇವಾಲಯದ ಶಿಲ್ಪಗಳ ಕೆಳಗೆ ತಮ್ಮ ಹೆಸರು ಕೊರೆದರು. ‘ಓಜ’ ಎಂಬ ಆ ಉಪನಾಮ ‘ಉಪಾಧ್ಯಾಯ’ದಿಂದ ಬಂದುದೆಂದು ಭಾಷಾಶಾಸ್ತ್ರಜ್ಞರ ಅಭಿಪ್ರಾಯ. ‘ರೂವಾರಿ’ ಎಂಬುದು ‘ರೂಪಕಾರಿ’ಯ ತದ್ಭವ. ಹೀಗೆ ಕೈಕೆಲಸದವನನ್ನು ನಮ್ಮ ಹಳಗನ್ನಡ ಗುರುವಿನ ಹೆಸರಿನಿಂದ ಕರೆಯಿತು.

ಅದೇ ಶಾಸನಗಳಲ್ಲಿ ಇನ್ನೊಂದು ಶಬ್ದವೂ ಇದೆ: ‘ಬಿಟ್ಟಿ’. ಸಂಸ್ಕೃತದ ‘ವಿಷ್ಟಿ’ಯಿಂದ ಬಂದ ಈ ಮಾತಿಗೆ ಕೂಲಿ ಕೊಡದೆ ಒತ್ತಾಯದಿಂದ ಮಾಡಿಸಿಕೊಳ್ಳುವ ದುಡಿಮೆ ಎಂದರ್ಥ. ‘ಬಿಟ್ಟಿ ಸಿಕ್ಕಿತು’ ಎಂದು ಇಂದು ನಾವು ನಕ್ಕು ಹೇಳುವಾಗ ಅದು ಯಾರದೋ ಬೆವರು ಎಂಬುದು ನೆನಪಿಗೆ ಬರುವುದಿಲ್ಲ. ಬಿರುದೂ ಬಿಟ್ಟಿಯೂ ಒಂದೇ ಕಾಲದಲ್ಲಿದ್ದುವು; ಕೆಲವರ ಪಾಲಿಗೆ ಅದು, ಹಲವರ ಪಾಲಿಗೆ ಇದು.

ಬೆಲೆ ಮೊದಲೇ ಗೊತ್ತುಮಾಡದಿದ್ದರೆ ಏನು ಕೊಡಬೇಕು? ಈ ಪ್ರಶ್ನೆಯನ್ನು ಕೌಟಿಲ್ಯನ ಅರ್ಥಶಾಸ್ತ್ರ ನೇರವಾಗಿ ಎತ್ತಿಕೊಂಡಿದೆ. ಉಳುವವನಿಗೆ ಬೆಳೆಯ ಹತ್ತನೆಯ ಒಂದು ಪಾಲು, ದನಗಾಹಿಗೆ ತುಪ್ಪದ ಹತ್ತನೆಯ ಒಂದು ಪಾಲು ಎಂದು ಲೆಕ್ಕ ಹೇಳುವ ಗ್ರಂಥ, ಕುಶಲಕರ್ಮಿಯ ವಿಷಯಕ್ಕೆ ಬಂದಾಗ ಅಂಕಿ ಹೇಳುವುದಿಲ್ಲ. ಅದೇ ಬಗೆಯ ಕೆಲಸ ಮಾಡುವ ಇತರರಿಗೆ ಏನು ಸಲ್ಲುತ್ತದೆಯೋ ಅದು, ಇಲ್ಲವೇ ಆ ಕಸಬಿನಲ್ಲಿ ಬಲ್ಲವರು ಏನು ಗೊತ್ತುಮಾಡುತ್ತಾರೋ ಅದು ಸಲ್ಲತಕ್ಕದ್ದು ಎಂದು ವಿಧಿಸುತ್ತದೆ. ಹೊತ್ತಿಗೆ ಸರಿಯಾಗಿ ಕೆಲಸ ಮುಗಿಸದವನಿಗೆ ಕೂಲಿಯಲ್ಲಿ ಕಾಲುಭಾಗ ಕಳೆಯಬೇಕು, ಮೇಲೆ ದಂಡವನ್ನೂ ಹಾಕಬೇಕು ಎಂಬ ಮಾತೂ ಅಲ್ಲಿದೆ. ಮನೆ ಯಜಮಾನನೊಬ್ಬನೇ ಬೆಲೆ ಕಟ್ಟಬಾರದು, ಕೆಲಸದವನೊಬ್ಬನೇ ಕಟ್ಟಬಾರದು. ಕಸಬು ಬಲ್ಲ ಮೂರನೆಯವನ ಮಾತು ಬೇಕೆಂಬುದು ಅದರ ತಿರುಳು.

ಅಂಕಿಯನ್ನೇ ಹೇಳಹೊರಟವರ ಗತಿ ಏನಾಯಿತೆಂಬುದಕ್ಕೆ ರೋಮಿನ ಇತಿಹಾಸವನ್ನು ನೋಡಬಹುದು. ಕ್ರಿ.ಶ. 301ರಲ್ಲಿ ಡಯೋಕ್ಲೇಶಿಯನ್ ಚಕ್ರವರ್ತಿ ಸಾಮ್ರಾಜ್ಯಕ್ಕೆಲ್ಲ ಒಂದೇ ದರಪಟ್ಟಿ ಹೊರಡಿಸಿದನು. ಊಟ ಸಹಿತ ಬಡಿಗನಿಗೆ ದಿನಕ್ಕೆ 50 ದಿನಾರಿ, ಗೋಡೆಗೆ ಬಣ್ಣ ಹಚ್ಚುವವನಿಗೆ 75, ಚಿತ್ರ ಬರೆಯುವವನಿಗೆ 150, ಹೊಲದ ಆಳಿಗೆ 25. ಮೀರಿದವನಿಗೆ ಮರಣದಂಡನೆ! ಆದರೂ ಸಾಮಾನು ಪೇಟೆಯಿಂದ ಮಾಯವಾಯಿತು, ಪಟ್ಟಿ ಕಲ್ಲಿನಲ್ಲಿಯೇ ಉಳಿಯಿತು. ಇಂಗ್ಲೆಂಡಿನಲ್ಲಿ ಮಹಾಮಾರಿಗೆ ಜನ ಸತ್ತು ಕೆಲಸಗಾರರು ವಿರಳವಾದಾಗ, 1351ರ ಕಾನೂನು ಬಡಿಗ, ಗೌಂಡಿಗಳ ಕೂಲಿಯನ್ನು ಹಿಂದಿನ ಮಟ್ಟದಲ್ಲಿಯೇ ಹಿಡಿದಿಡಲು ಹೆಣಗಿತು. ಅಪ್ಪಣೆಯಿಂದ ಬೆಲೆ ನಿಲ್ಲದೆಂಬ ಪಾಠ ಎರಡೂ ಕಡೆಯದು.

ನಮ್ಮ ಸೀಮೆ ಹಿಡಿದ ದಾರಿ ಬೇರೆ. ಅದೇ ‘ಆಯ’. ಊರಿನ ಬಡಿಗ, ಕಂಬಾರ, ಕುಂಬಾರ, ಸಮಗಾರ, ಅಗಸ, ಹಡಪದ ಮೊದಲಾದವರು ರೈತನಿಗೆ ವರ್ಷವಿಡೀ ಕೆಲಸ ಮಾಡಿಕೊಡುತ್ತಿದ್ದರು. ಸುಗ್ಗಿಯಲ್ಲಿ ಕಣದ ಮೇಲೆ ರಾಶಿಯಾದಾಗ ತಮ್ಮ ಪಾಲಿನ ಕಾಳನ್ನು ಅಳೆಸಿಕೊಳ್ಳುತ್ತಿದ್ದರು. ಮರಾಠರ ಆಳಿಕೆಯ ನೆರಳಿನಲ್ಲಿ ಇವರಿಗೆ ‘ಬಲುತೆದಾರ’ರೆಂಬ ಹೆಸರೂ ಬಂದಿತು. 1810ರಲ್ಲಿ ತನ್ನ ಇತಿಹಾಸದ ಮೊದಲ ಸಂಪುಟ ಪ್ರಕಟಿಸಿದ ಮಾರ್ಕ್ ವಿಲ್ಕ್ಸ್ ನಮ್ಮ ಹಳ್ಳಿಗಳ ಹನ್ನೆರಡು ಆಯಗಾರರನ್ನು ಹೆಸರಿಸಿ, ಅವರಿಗೆ ಸಂಬಳದ ಬದಲು ಭೂಮಿಯೋ ಬೆಳೆಯಲ್ಲಿ ಗೊತ್ತಾದ ಪಾಲೋ ಸಲ್ಲುತ್ತಿದ್ದುದನ್ನು ಬರೆದಿದ್ದಾನೆ. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಬುಕಾನನ್ ಕೂಡ ಕಣದ ರಾಶಿಯಿಂದ ಯಾರು ಯಾರಿಗೆ ಕಾಳು ಅಳೆದುಕೊಡುತ್ತಿದ್ದರೆಂಬುದನ್ನು ಕೂತು ಲೆಕ್ಕ ಹಿಡಿದಿದ್ದಾನೆ.

ಆಯದ ಒಳಗುಟ್ಟನ್ನು ವಿಚಾರಿಸಿ ನೋಡಿ. ಬಡಿಗನು ರಂಟೆ, ಕುಂಟೆ, ಕೂರಿಗೆಗಳನ್ನು ವರ್ಷದಲ್ಲಿ ಎಷ್ಟು ಸಲ ರಿಪೇರಿ ಮಾಡಿದನೆಂದು ಯಾರೂ ಎಣಿಸುತ್ತಿರಲಿಲ್ಲ. ಬಿತ್ತುವ ಹಂಗಾಮಿನಲ್ಲಿ ಕೂರಿಗೆಯ ತಾಳು ಮುರಿದರೆ ಅವನು ಕೂಡಲೆ ಸರಿಪಡಿಸಿಕೊಡಬೇಕು. ಕೆಲಸವಿಲ್ಲದ ತಿಂಗಳಲ್ಲಿ ಅವನ ಮನೆಯ ಒಲೆ ಆರಬಾರದು. ಕೊಟ್ಟ ಕಾಳು ಒಂದು ದಿನದ ಕೆಲಸದ ಬೆಲೆಯಲ್ಲ, ಒಬ್ಬ ಕುಶಲಿಯನ್ನು ಊರಲ್ಲಿ ಇರಿಸಿಕೊಂಡುದರ ಬೆಲೆ. ಬೆಳೆ ಚೆನ್ನಾದರೆ ಇಬ್ಬರಿಗೂ ಚೆಂದ. ಬರ ಬಂದರೆ ಇಬ್ಬರಿಗೂ ಬರ. ಲಾಭದಂತೆ ನಷ್ಟವನ್ನೂ ಹಂಚಿಕೊಳ್ಳುವ ಈ ಏರ್ಪಾಡಿನಲ್ಲಿ ಒಂದು ವಿವೇಕವಿತ್ತು.

ಆದರೆ ಆಯವನ್ನು ನೆನೆದು ನಿಟ್ಟುಸಿರುಬಿಡುವವರು ಇನ್ನೊಂದು ಮುಖವನ್ನೂ ನೋಡಬೇಕು. ಬಲುತೆದಾರರನ್ನು ಮೂರು ಸಾಲುಗಳಾಗಿ ವಿಂಗಡಿಸಿ, ಬಡಿಗನಂಥವರಿರುವ ಮೊದಲ ಸಾಲಿಗೆ ಹೆಚ್ಚು, ಕೊನೆಯ ಸಾಲಿಗೆ ಕಡಿಮೆ ಅಳೆಯುವುದು ಮರಾಠಿ ಸೀಮೆಯ ಪದ್ಧತಿಯಾಗಿತ್ತು. ಕಸಬು ಹುಟ್ಟಿನಿಂದ ಬರುತ್ತಿತ್ತು. ‘ಈ ಕೂಲಿಗೆ ನಾನು ಒಲ್ಲೆ’ ಎಂದು ಹೇಳುವ ಹಕ್ಕು ಆಯಗಾರನಿಗೆ ಇರಲಿಲ್ಲ. ಚರ್ಮದ ಕೆಲಸ ಮಾಡುವವನು, ಊರ ಹೊರಗಿನ ಓಣಿಯವನು ಕಣದ ಅಂಚಿನಲ್ಲಿ ನಿಂತು ಕಾಳಿಗಾಗಿ ಕೈಯೊಡ್ಡಬೇಕಾಗಿತ್ತು. ತನ್ನ ದುಡಿಮೆಯ ಫಲವನ್ನು ದಾನದಂತೆ ಪಡೆಯಬೇಕಾದವನ ಸಂಕಟ ಅಳತೆಯ ಸೇರಿನಲ್ಲಿ ಕಾಣದು. ಹೊಟ್ಟೆಗೆ ಭದ್ರತೆಯಿತ್ತು, ತಲೆಯೆತ್ತುವ ಸ್ವಾತಂತ್ರ್ಯವಿರಲಿಲ್ಲ.

ಈ ಕೈಯೊಡ್ಡುವಿಕೆಯನ್ನು ತಿರುಗಿಸಿ ನಿಲ್ಲಿಸಿದವರು ಹನ್ನೆರಡನೆಯ ಶತಮಾನದ ಶರಣರು. ‘ಕಾಯಕ’ ಎಂಬ ಮಾತಿಗೆ ಅವರು ಕೊಟ್ಟ ಗೌರವ ಎಲ್ಲರಿಗೂ ಗೊತ್ತು. ಆದರೆ ಬೆಲೆಯ ವಿಚಾರದಲ್ಲಿಯೂ ಅವರ ನಿಲುವು ಬಲು ಬಿಗಿಯಾದುದು. ಆಯ್ದಕ್ಕಿ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಒಪ್ಪದೆ ಹಿಂದಕ್ಕೆ ಸುರಿದು ಬರಲು ಕಳಿಸಿದ ಕಥೆಯನ್ನು ಕೇಳದವರಿಲ್ಲ. ಹಗ್ಗ ಹೊಸೆಯುವ ನುಲಿಯ ಚಂದಯ್ಯನೂ ಹಗ್ಗದ ಬೆಲೆಗೆ ಮೀರಿ ಬಂದ ಹೊನ್ನನ್ನು ಒಲ್ಲೆನೆಂದನಂತೆ. ತುಂಗಭದ್ರೆಯ ದಂಡೆಯ ನಮ್ಮ ಚೌಡದಾನಪುರದೊಡನೆ ಸಂಪ್ರದಾಯ ಹೆಣೆದಿರುವ ಅಂಬಿಗರ ಚೌಡಯ್ಯನೂ ದೋಣಿ ನಡೆಸಿ ಬದುಕಿದ ಕಾಯಕಜೀವಿ. ಈ ಕಥೆಗಳನ್ನು ‘ಕಡಿಮೆಗೆ ದುಡಿ’ ಎಂಬ ಉಪದೇಶವಾಗಿ ಬಳಸುವವರಿದ್ದಾರೆ. ಅದು ಸರಿಯಲ್ಲ. ಹೆಚ್ಚಿನದನ್ನು ಮರಳಿಸಿದವರು ತಮಗೆ ಸಲ್ಲಬೇಕಾದುದನ್ನು ಬಿಟ್ಟುಕೊಡಲಿಲ್ಲ. ಎಷ್ಟು ಸಲ್ಲಬೇಕೆಂಬುದನ್ನು ಗೊತ್ತುಮಾಡುವ ಅಧಿಕಾರವನ್ನು ಕೊಡುವವನ ಕೈಯಿಂದ ತಮ್ಮ ಕೈಗೆ ತೆಗೆದುಕೊಂಡರು. ಉದಾರವಾಗಿ ಕೊಟ್ಟ ಹೊನ್ನನ್ನೂ ಒಲ್ಲೆನೆಂದವನನ್ನು ಬಿಟ್ಟಿ ದುಡಿಸಿಕೊಳ್ಳುವುದು ಸಾಧ್ಯವೇ?

1817–18ರಲ್ಲಿ ಪೇಶವೆಯರ ಆಳಿಕೆ ಮುರಿದು ಧಾರವಾಡ ಸೀಮೆ ಕಂಪನಿಯ ವಶವಾಯಿತು. ಮುಂದೆ ಕಂದಾಯವನ್ನು ನಗದಾಗಿ ರೈತನೊಬ್ಬೊಬ್ಬನ ಹೆಸರಿನಲ್ಲಿ ವಸೂಲು ಮಾಡತೊಡಗಿದಂತೆ ಕಣದ ರಾಶಿಯ ಮಹತ್ವ ಕುಂದಿತು. 1854–55ರ ಸುಮಾರಿಗೆ ಲೋಕೋಪಯೋಗಿ ಇಲಾಖೆ ಹುಟ್ಟಿತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿಯಿಂದ ಹರಿಹರದತ್ತ ಹಳಿ ಹಾಸಿತು. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳು ಆ ದಾರಿಯ ನಿಲ್ದಾಣಗಳಾದುವು. ಸೇತುವೆ, ನಿಲ್ದಾಣ, ಗೋದಾಮುಗಳಿಗೆ ಕಲ್ಲು ಒಡೆಯುವವರು, ಗೌಂಡಿಗಳು, ಬಡಿಗರು ಬೇಕಾದರು. ಅವರಿಗೆ ಕಾಳಿನ ಬದಲು ನಾಣ್ಯ ಸಿಕ್ಕಿತು. ಹತ್ತಿ, ಮೆಣಸಿನಕಾಯಿಗಳ ಪೇಟೆಗಳು ಬೆಳೆದುವು. ಅಲ್ಲಿಯೂ ಅಂಗಡಿ, ಉಗ್ರಾಣ ಕಟ್ಟುವ ಕೈಗಳಿಗೆ ಕೆಲಸವಾಯಿತು.

ಆಗ ನಮ್ಮ ಮಾತಿಗೆ ಬಂದು ಬೇರೂರಿದ ಶಬ್ದಗಳನ್ನು ನೋಡಿ. ‘ಪಗಾರ’ ಪೋರ್ತುಗೀಜರದು, ‘ಮೇಸ್ತ್ರಿ’ಯೂ ಅವರ ‘ಮೆಸ್ತ್ರೆ’ಯೇ, ಅಂದರೆ ಗುರು. (ನಮ್ಮ ‘ಓಜ’ನೂ ಗುರುವೇ ಅಲ್ಲವೇ!) ‘ಮಜೂರಿ’ ಪಾರಸಿಯಿಂದ ಬಂದು ಪತ್ತಾರನ ಅಂಗಡಿಯಲ್ಲಿ ನೆಲೆಸಿತು. ‘ಕೂಲಿ’ ದ್ರಾವಿಡದ್ದು. ‘ಗುತ್ತಿಗೆ’ಯೂ ನಮ್ಮದೇ ಹಳೆಯ ಮಾತು, ಭೂಮಿಯ ಗೇಣಿಗೆ ಸಲ್ಲುತ್ತಿದ್ದುದು ಕಟ್ಟಡದ ಕೆಲಸಕ್ಕೂ ಹಬ್ಬಿತು, ‘ಗುತ್ತೇದಾರ’ ಎಂಬ ಹೊಸ ಮನುಷ್ಯ ಹುಟ್ಟಿಕೊಂಡ. ಕಟ್ಟಿಸುವವನಿಗೂ ಕಟ್ಟುವವನಿಗೂ ನಡುವೆ ನಿಂತ ಇವನು ಸಾಮಾನು ಹೊಂದಿಸಿದ, ಆಳುಗಳನ್ನು ಕೂಡಿಸಿದ, ನಷ್ಟದ ಹೊಣೆ ಹೊತ್ತ. ಅದಕ್ಕೆ ಅವನಿಗೂ ಒಂದು ಪಾಲು ನ್ಯಾಯವೇ. ಆದರೆ ಎಲ್ಲರಿಗಿಂತ ಕಡಿಮೆ ಕೂಗಿದವನಿಗೆ ಕೆಲಸವೆಂಬ ಟೆಂಡರಿನ ಪದ್ಧತಿ ಬಂದಾಗ, ಕಡಿಮೆ ಮಾಡಿದ ಆ ಹಣ ಸಿಮೆಂಟಿನಿಂದಲೋ ಆಳಿನ ಕೂಲಿಯಿಂದಲೋ ಹೊರಡಬೇಕಾಯಿತು. ಸೋರುವ ಛಾವಣಿಯ ಕಥೆ ಬಹಳ ಸಲ ಟೆಂಡರಿನ ಕಾಗದದಲ್ಲಿಯೇ ಆರಂಭವಾಗಿರುತ್ತದೆ.

ಕೂಲಿಯನ್ನು ಬದುಕಿನಿಂದ ಬೇರ್ಪಡಿಸಿ ಬರಿಯ ಅಂಕಿಯಾಗಿ ನೋಡಿದರೆ ಏನಾಗುವುದೆಂಬುದನ್ನು 1876–78ರ ಬರಗಾಲ ತೋರಿಸಿಕೊಟ್ಟಿತು. ಮದರಾಸು, ಮುಂಬಯಿ ಪ್ರಾಂತಗಳ ಪರಿಹಾರ ಕಾಮಗಾರಿಗಳಲ್ಲಿ 1877ರ ಆರಂಭಕ್ಕೆ ಸರ್ ರಿಚರ್ಡ್ ಟೆಂಪಲ್ಲನ ಸಲಹೆಯಂತೆ ದಿನಗೂಲಿಯನ್ನು ಒಂದು ಪೌಂಡು ಧಾನ್ಯದ ಬೆಲೆ ಮತ್ತು ಅದರ ಮೇಲೊಂದಿಷ್ಟು ಬಿಡಿಗಾಸಿಗೆ ಇಳಿಸಲಾಯಿತು. ಮದರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಶ್, ದುಡಿಯುವ ದೇಹ ಇಷ್ಟರಿಂದ ಬದುಕಲಾರದೆಂದು ಬಲವಾಗಿ ಪ್ರತಿಭಟಿಸಿದನು. ಮುಂಬಯಿ ಪ್ರಾಂತದ ದಖ್ಖನಿನಲ್ಲಿ ಸಾವಿರಾರು ಜನ, ಹಸಿದಿದ್ದರೂ, ಕೆಲಸ ಬಿಟ್ಟು ಹೊರನಡೆದರು. ಹಸಿದವನೂ ಒಪ್ಪದ ಕೂಲಿಯೊಂದಿದೆ ಎಂಬುದು ಆ ದಿನ ಲೋಕಕ್ಕೆ ತಿಳಿಯಿತು.

ಕಾನೂನು ನಿಧಾನವಾಗಿ ಈ ಮಾತನ್ನು ಕಲಿಯಿತು. 1872ರ ಕರಾರು ಕಾನೂನಿನ 70ನೆಯ ಕಲಮು, ಪುಕ್ಕಟೆಯೆಂದು ಬಗೆಯದೆ ಒಬ್ಬನು ಮಾಡಿಕೊಟ್ಟ ಕೆಲಸದ ಲಾಭವನ್ನು ಇನ್ನೊಬ್ಬನು ಉಂಡರೆ, ಬಾಯಿಮಾತಿನ ಒಪ್ಪಂದವಿಲ್ಲದಿದ್ದರೂ ಪ್ರತಿಫಲ ಕೊಡತಕ್ಕದ್ದೆನ್ನುತ್ತದೆ. 1948ರಲ್ಲಿ ಕನಿಷ್ಠ ಕೂಲಿಯ ಕಾನೂನು ಬಂದಿತು. ಅದೇ ಹೊತ್ತಿನ ನ್ಯಾಯವೇತನ ಸಮಿತಿ ಕನಿಷ್ಠ ವೇತನ, ನ್ಯಾಯವೇತನ, ಜೀವನವೇತನ ಎಂದು ಮೂರು ಮೆಟ್ಟಿಲುಗಳನ್ನು ಗುರುತಿಸಿತು. ಸಂವಿಧಾನದ 23ನೆಯ ಅನುಚ್ಛೇದ ಬಿಟ್ಟಿಯನ್ನು ನಿಷೇಧಿಸಿತು. 1982ರಲ್ಲಿ ಏಷ್ಯನ್ ಕ್ರೀಡೆಗಳ ಕಟ್ಟಡ ಕೆಲಸಗಾರರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಂಡರೆ ಅದೂ ಒತ್ತಾಯದ ದುಡಿಮೆಯೇ ಎಂದು ತೀರ್ಪಿತ್ತಿತು. ಶಾಸನಗಳ ‘ಬಿಟ್ಟಿ’ಗೆ ಸಾವಿರ ವರ್ಷಗಳ ಮೇಲೆ ಬಂದ ಉತ್ತರವಿದು. 1996ರ ಕಾನೂನುಗಳು ಕಟ್ಟಡ ಕೆಲಸಗಾರರ ಕಲ್ಯಾಣಕ್ಕಾಗಿ ನಿರ್ಮಾಣದ ವೆಚ್ಚದ ಮೇಲೆ ಕರ ಕೂಡಿಸುವ ಏರ್ಪಾಡು ಮಾಡಿದುವು. ನೂರಕ್ಕೆ ಒಂದು ರೂಪಾಯಿಯಂತೆ ಅದು ಜಾರಿಗೆ ಬಂದಿತು. ಕರ್ನಾಟಕದ ಕಲ್ಯಾಣ ಮಂಡಳಿ 2007ರಲ್ಲಿ ಏರ್ಪಟ್ಟಿತು. ಯೋಚಿಸಿ ನೋಡಿದರೆ ಇದೂ ಒಂದು ಬಗೆಯ ಆಯವೇ. ರಾಶಿಯ ಪಾಲು ಹೊಸ ವೇಷದಲ್ಲಿ ಬಂದಿದೆ. ಈ ಸಲ ಕೈಯೊಡ್ಡಬೇಕಾಗಿಲ್ಲ, ಅದು ಹಕ್ಕು.

ಇಷ್ಟಾದರೂ ಸಣ್ಣ ಕೆಲಸದ ಬೆಲೆ ಇನ್ನೂ ಮನೆಯ ಬಾಗಿಲಲ್ಲಿಯೇ ತೀರ್ಮಾನವಾಗಬೇಕು. ನಲ್ಲಿ ಸೋರಿದರೆ, ಕದ ಜೋತುಬಿದ್ದರೆ, ಗೋಡೆ ಬಿರಿದರೆ ಯಾವ ಕಾಯಿದೆಯೂ ದರ ಹೇಳಿಕೊಡದು. ಇಲ್ಲಿ ಒಂದು ಲೆಕ್ಕವನ್ನು ವಾಚಕರು ತಾವೇ ಹಾಕಿ ನೋಡಬಹುದು. ಸಂಬಳದವನೊಬ್ಬನಿಗೆ ದಿನಕ್ಕೆ 100 ರೂಪಾಯಿ ಬೀಳುತ್ತದೆಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಭಾನುವಾರ, ಹಬ್ಬ, ಕಾಯಿಲೆಯ ರಜೆ ಎಲ್ಲ ಸೇರಿ 365 ದಿನಕ್ಕೂ ಅವನಿಗೆ ಅದು ಸಂದು ವರ್ಷಕ್ಕೆ 36,500 ರೂಪಾಯಿ ಆಗುತ್ತದೆ. ಗೌಂಡಿಗೆ ಮಳೆಯ ದಿನಗಳಲ್ಲಿ ಕೆಲಸವಿಲ್ಲ; ಅಮಾವಾಸ್ಯೆಗೆ ಉಪಕರಣ ಮುಟ್ಟುವುದಿಲ್ಲ; ಒಂದು ಕೆಲಸ ಮುಗಿದು ಇನ್ನೊಂದು ಸಿಗುವವರೆಗೆ ಖಾಲಿ. ಅವನಿಗೆ ವರ್ಷದಲ್ಲಿ 220 ದಿನ ಕೆಲಸ ಸಿಕ್ಕಿತೆಂದು ಹಿಡಿದರೆ, ಅದೇ 36,500 ರೂಪಾಯಿ ಗಳಿಸಲು ಅವನು ದಿನಕ್ಕೆ ಸುಮಾರು 166 ರೂಪಾಯಿ ಕೇಳಬೇಕು. ಕರಣಿ, ತೂಗುಗುಂಡು, ಸೈಕಲ್ಲು, ಈಗಿನ ಕೊರೆಯುವ ಯಂತ್ರ, ಹಲವು ವರ್ಷ ಹಿರಿಯರ ಕೈಕೆಳಗೆ ಕಲಿತ ಕಲಿಕೆ, ಇವೆಲ್ಲ ಇದರ ಮೇಲಿನ ಖರ್ಚು. ಸಂಬಳದವನಿಗಿಂತ ಅವನು ಹೆಚ್ಚು ಕೇಳಿದನೆಂದು ನಮಗೆ ತೋರುತ್ತದೆ; ಕೇಳಿದುದು ಸಮಕ್ಕೂ ಸಾಲದಿರಬಹುದು.

ಆಯದ ಕಾಲದಲ್ಲಿ ಊರು ಕುಶಲಿಯ ವರ್ಷವನ್ನು ಸಾಕುತ್ತಿತ್ತು. ನಾವು ಅವನ ದಿನವನ್ನು, ಕೆಲವೊಮ್ಮೆ ಅವನ ಗಂಟೆಯನ್ನು ಮಾತ್ರ ಕೊಳ್ಳುತ್ತೇವೆ. ಮಿಕ್ಕ ದಿನಗಳ ಹೊಣೆ ನಮ್ಮದಲ್ಲವೆನ್ನುತ್ತೇವೆ. ಹೊಣೆ ಬೇಡವಾದರೆ ಅದರ ಬೆಲೆಯನ್ನು ದಿನದ ಕೂಲಿಯಲ್ಲಿ ಕೊಡಬೇಕಾದುದು ನ್ಯಾಯ. ಸ್ವಾತಂತ್ರ್ಯ ಅವನಿಗೂ ಸಿಕ್ಕಿತು, ನಮಗೂ ಸಿಕ್ಕಿತು. ಅದರ ಖರ್ಚನ್ನು ಅವನೊಬ್ಬನೇ ಹೊರಬೇಕೆಂಬುದು ಯಾವ ಧರ್ಮ?

ಇದರಿಂದ ಕೆಲಸದವರು ಕೇಳಿದುದೆಲ್ಲ ಸರಿಯೆಂದು ಅರ್ಥವಲ್ಲ. ಇತಿಹಾಸ ಅವರಿಗೂ ಕೆಲವು ಕಟ್ಟುಗಳನ್ನು ಹಾಕಿದೆ. ಕೆಲಸಕ್ಕೆ ಕೈ ಹಾಕುವ ಮೊದಲೇ ಬೆಲೆ ಹೇಳಬೇಕು. ಗೋಡೆ ಒಡೆದ ಮೇಲೆ ದರ ಏರಿಸುವುದು ಕಾಯಕವಲ್ಲ. ತಾನು ಮಾಡಿದ ಕೆಲಸ ಕೆಟ್ಟರೆ ಮತ್ತೆ ಕೂಲಿ ಕೇಳದೆ ತಿದ್ದಿಕೊಡಬೇಕು. ಆಯದ ಬಡಿಗನು ಮುರಿದ ಕೂರಿಗೆಗೆ ಎರಡನೆಯ ಸಲ ಕಾಳು ಕೇಳಲಿಲ್ಲ. ಸಾಮಾನಿನಲ್ಲಿ ಗುಟ್ಟಾಗಿ ಪಾಲು ತೆಗೆಯಬಾರದು. ಗುತ್ತೇದಾರನ ಲಾಭ ಲೆಕ್ಕದ ಹಾಳೆಯಲ್ಲಿ ಕಾಣಲಿ. ಸಹಾಯಕ ಆಳಿಗೆ, ಮುಖ್ಯವಾಗಿ ಕಲ್ಲು ಮಣ್ಣು ಹೊರುವ ಹೆಂಗಸಿಗೆ, ಅವಳ ಪಾಲನ್ನು ಕತ್ತರಿಸದೆ ಕೊಡಬೇಕು. ಬೆಲೆಯ ವಿಷಯದಲ್ಲಿ ಒಮ್ಮತ ಬಾರದಿದ್ದರೆ ಕೌಟಿಲ್ಯನ ಹಳೆಯ ಉಪಾಯ ಈಗಲೂ ಹಾಳಾಗಿಲ್ಲ: ಅದೇ ಕಸಬಿನ ಇನ್ನಿಬ್ಬರನ್ನು ಕೇಳಿ ನೋಡುವುದು. ಹಾಗೆ ಕೇಳುವುದು ತೀರ ಅಗ್ಗದವನನ್ನು ಹುಡುಕುವುದಕ್ಕಲ್ಲ, ಸಲ್ಲತಕ್ಕುದು ಎಷ್ಟೆಂದು ತಿಳಿಯುವುದಕ್ಕೆ.

ಸಾವಿರ ರೂಪಾಯಿಯ ಸೀರೆಯ ಅಂಗಡಿಯಲ್ಲಿ ಚೀಟಿ ನೋಡಿ ಸುಮ್ಮನೆ ಹಣ ತೆರುವವರು, ವೈದ್ಯನ ಫೀಯ ಮುಂದೆ ತುಟಿ ಪಿಟಕ್ಕೆನ್ನದವರು, ಏಣಿಯ ಮೇಲೆ ನಿಂತವನ ಹತ್ತು ರೂಪಾಯಿಗೆ ಅರ್ಧ ಗಂಟೆ ಚೌಕಾಶಿ ಮಾಡುವುದನ್ನು ಎಲ್ಲ ಊರುಗಳಲ್ಲಿಯೂ ಕಾಣಬಹುದು. ಈ ಚೌಕಾಶಿಯ ಬೇರು ಜೇಬಿನಲ್ಲಿಲ್ಲ. ಕೈಯಿಂದ ಮಾಡಿದ ಕೆಲಸ ತಲೆಯಿಂದ ಮಾಡಿದುದಕ್ಕಿಂತ ಕೀಳೆಂಬ ಹಳೆಯ ಭಾವನೆಯಲ್ಲಿದೆ. ಕಣದ ಅಂಚಿನಲ್ಲಿ ನಿಲ್ಲಿಸಿ ಕಾಳು ಅಳೆದ ಆ ಮನಸ್ಸೇ ಇನ್ನೂ ಅಂಗಳದಲ್ಲಿ ನಿಂತು ಮಾತನಾಡುತ್ತಿದೆ. ನ್ಯಾಯವಾದ ಕೂಲಿಯ ಮೊದಲ ಅಂಶ ಹಣವಲ್ಲ, ಇದನ್ನು ಬಲ್ಲವನು ಇವನು ಎಂಬ ಒಪ್ಪಿಗೆ. ಆ ಒಪ್ಪಿಗೆಯಿದ್ದಲ್ಲಿ ರೂಪಾಯಿಯ ಲೆಕ್ಕ ಬೇಗ ಕೂಡಿಬರುತ್ತದೆ. ನಮ್ಮ ಪೂರ್ವಿಕರು ಕಲ್ಲು ಕೆತ್ತುವವನನ್ನು ‘ಓಜ’ನೆಂದು ಕರೆದುದು ಬರಿಯ ಬಾಯುಪಚಾರವಲ್ಲವಾದರೆ, ಆ ಹೆಸರಿನ ಬಾಕಿಯನ್ನು ತೀರಿಸುವ ಕೆಲಸ ನಮ್ಮ ಕಾಲಕ್ಕೆ ಉಳಿದಿದೆ.